ಕತ್ತರಿಸುವುದು ಸುಲಭ, ಎಳೆ ಕೈಗೆ ಸಿಗುವುದೇ ಕಷ್ಟ

ಪ್ರಶ್ನೆ: ಪಿಷ್ಟವೂ ಸೆಲ್ಯುಲೋಸೂ ಗ್ಲೂಕೋಸಿನಿಂದಲೇ ಆಗಿವೆ ಅಂತ ಓದಿದ್ದೇನೆ. ಆದರೂ ಪಿಷ್ಟ ನಮ್ಮ ಬಾಯಲ್ಲೇ ಒಡೆಯಲು ಶುರುವಾಗುತ್ತದೆ, ಬಹುಪಾಲು ಸೆಲ್ಯುಲೋಸೇ ಆಗಿರುವ ಹತ್ತಿ ಬಟ್ಟೆಗೆ ನೂರು ಸಲ ಒಗೆದರೂ ಏನೂ ಆಗುವುದಿಲ್ಲ. ಯಾಕೆ? ಇನ್ನೊಂದು ವಿಷಯ. ಮಣ್ಣಿನಿಂದ ತೆಗೆದ ಒಂದು ಬ್ಯಾಕ್ಟೀರಿಯಾವನ್ನು ಸಿಎಂಸಿ (ನೀರಿನಲ್ಲಿ ಕರಗುವ ಸೆಲ್ಯುಲೋಸ್) ಬೆರೆಸಿದ ಅಗರ್ ಪ್ಲೇಟಿನಲ್ಲಿ ಬೆಳೆಸಿ ಕಾಂಗೋ ರೆಡ್ ಬಣ್ಣ ಹಾಕಿದೆ. ಸುತ್ತಲೂ ದೊಡ್ಡ ತಿಳಿ ಉಂಗುರ ಬಂತು. ಆದರೆ ಅದಕ್ಕೇ ಫಿಲ್ಟರ್ ಪೇಪರಿನ ಪಟ್ಟಿ ಕೊಟ್ಟರೆ ತಿಂಗಳಾದರೂ ಪೇಪರ್ ಇದ್ದ ಹಾಗೇ ಇದೆ. ಸೆಲ್ಯುಲೇಸ್, ಅಂದರೆ ಸೆಲ್ಯುಲೋಸ್ ಕತ್ತರಿಸುವ ಕಿಣ್ವ, ಇದೆ ಅಂದ ಮೇಲೆ ಸೆಲ್ಯುಲೋಸ್ ಒಡೆಯಬೇಕಲ್ವಾ?

ಉತ್ತರ: ನಿಮ್ಮ ಪ್ರಯೋಗದಲ್ಲಿ ತಪ್ಪೇನೂ ಇಲ್ಲ. ಉಂಗುರವೂ ನಿಜ, ಹಾಗೇ ಉಳಿದ ಪೇಪರೂ ನಿಜ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ನಿಮ್ಮ ಮೊದಲ ಪ್ರಶ್ನೆಗೂ ಉತ್ತರ ಅಲ್ಲೇ ಸಿಗುತ್ತದೆ. ಸೆಲ್ಯುಲೋಸನ್ನು ಒಡೆಯುವುದು ಅಂದರೆ ಎರಡು ಕೆಲಸ. ಬಿಗಿಯಾಗಿ ಕಟ್ಟಿದ ಕಟ್ಟಿನಿಂದ ಒಂದು ಎಳೆಯನ್ನು ಬಿಡಿಸಿ ಹೊರಗೆ ತೆಗೆಯುವುದು ಒಂದು. ಆ ಎಳೆಯನ್ನು ಕತ್ತರಿಸುವುದು ಇನ್ನೊಂದು. ಕತ್ತರಿಸಬಲ್ಲ ಬ್ಯಾಕ್ಟೀರಿಯಾಗಳು ಎಲ್ಲೆಲ್ಲೂ ಇವೆ. ಎಳೆ ಬಿಡಿಸಬಲ್ಲವು ಬಹಳ ಕಡಿಮೆ. ನಿಮ್ಮ ಪ್ಲೇಟ್ ಪರೀಕ್ಷೆ ಮಾಡಿದ್ದು ಕತ್ತರಿಸುವ ಕೆಲಸವನ್ನು ಮಾತ್ರ.

ಮೊದಲು ಆಕಾರದ ಮಾತು. ಫ್ರೆಂಚ್ ರಸಾಯನಶಾಸ್ತ್ರಜ್ಞ ಆನ್ಸೆಲ್ಮ್ ಪಾಯೆನ್ 1838ರಲ್ಲಿ ಗಿಡಗಳಿಂದ ಸೆಲ್ಯುಲೋಸನ್ನು ಬೇರ್ಪಡಿಸಿದಾಗಲೇ ಇದಕ್ಕೂ ಪಿಷ್ಟಕ್ಕೂ ಒಂದೇ ರಾಸಾಯನಿಕ ಸೂತ್ರ ಅನ್ನುವುದು ಗೊತ್ತಾಗಿತ್ತು. ವ್ಯತ್ಯಾಸ ಇರುವುದು ಕೊಂಡಿ ಯಾವ ಕಡೆಗೆ ತಿರುಗಿದೆ ಅನ್ನುವುದರಲ್ಲಿ. ಪಿಷ್ಟದಲ್ಲಿ ಒಂದು ಗ್ಲೂಕೋಸ್ ಮುಂದಿನದಕ್ಕೆ ಆಲ್ಫಾ ಕೊಂಡಿಯಿಂದ ಸೇರಿದೆ. ಹಾಗೆ ಸೇರಿದಾಗ ಸರಪಳಿ ಸುರುಳಿ ಸುತ್ತಿಕೊಳ್ಳುತ್ತದೆ, ನಡುವೆ ನೀರಿಗೆ ಜಾಗ ಸಿಗುತ್ತದೆ. ಸೆಲ್ಯುಲೋಸಿನಲ್ಲಿ ಬೀಟಾ ಕೊಂಡಿ. ಇಲ್ಲಿ ಪ್ರತಿ ಗ್ಲೂಕೋಸೂ ತನ್ನ ಹಿಂದಿನದಕ್ಕೆ 180 ಡಿಗ್ರಿ ತಿರುಗಿ ಕೂತಿರುತ್ತದೆ, ಒಂದು ಅಂಗಾತ, ಒಂದು ಬೋರಲು. ಹಾಗಾಗಿ ಸರಪಳಿ ಸುರುಳಿಯಾಗದೆ ನೇರ ಪಟ್ಟಿಯಾಗುತ್ತದೆ. ಎರಡೆರಡು ಗ್ಲೂಕೋಸಿಗೆ ಒಂದು ವಿನ್ಯಾಸ ಪೂರ್ತಿಯಾಗುತ್ತದೆ. ಆ ಜೋಡಿಗೆ ಸೆಲ್ಲೋಬಯೋಸ್ ಅಂತ ಹೆಸರು. ಈ ಹೆಸರು ಮುಂದೆ ಹಲವು ಸಲ ಬರುತ್ತದೆ.

ನೇರವಾದ ಪಟ್ಟಿಗಳು ಒಂದರ ಪಕ್ಕ ಒಂದು ಚೆನ್ನಾಗಿ ಕೂರುತ್ತವೆ. ಪಕ್ಕದ ಸರಪಳಿಗಳ ನಡುವೆ ಸಾಲುಸಾಲಾಗಿ ಹೈಡ್ರೋಜನ್ ಬಂಧಗಳು ಬೆಸೆದುಕೊಳ್ಳುತ್ತವೆ. ಹಾಗಾದ ಹಾಳೆಗಳು ಒಂದರ ಮೇಲೊಂದು ಅಡಕವಾಗಿ ಕೂರುತ್ತವೆ. ಗಿಡದಲ್ಲಿ ಹೀಗೆ ಒಂದೆರಡು ಡಜನ್ ಸರಪಳಿ ಸೇರಿ ಮೂರು ನ್ಯಾನೊಮೀಟರಿನಷ್ಟು ದಪ್ಪದ ಒಂದು ಕಟ್ಟಾಗುತ್ತದೆ. ಹತ್ತಿಯಲ್ಲಿ ಒಂದೊಂದು ಸರಪಳಿಯಲ್ಲೂ 10,000ದ ಆಸುಪಾಸು ಗ್ಲೂಕೋಸ್ ಇರಬಹುದು. ಕಟ್ಟಿನ ಒಳಗೆ ನೀರಿಗೇ ದಾರಿ ಇಲ್ಲ. ನೀರಿನ ಅಣು ನುಸುಳದ ಕಡೆ, ಅದರ ಸಾವಿರಾರು ಪಟ್ಟು ದೊಡ್ಡದಾದ ಕಿಣ್ವ ನುಸುಳುವ ಮಾತೇ ಇಲ್ಲ. ಕಿಣ್ವಕ್ಕೆ ಸಿಗುವುದು ಹೊರಮೈ ಮಾತ್ರ. ಅಲ್ಲಲ್ಲಿ ಸರಪಳಿಗಳು ಸಡಿಲವಾಗಿ, ಅಡ್ಡಾದಿಡ್ಡಿಯಾಗಿ ಇರುವ ಜಾಗಗಳೂ ಉಂಟು. ಕಿಣ್ವಗಳು ಮೊದಲು ಬಾಯಿ ಹಾಕುವುದು ಅಲ್ಲಿಗೇ. ಉಳಿದ ಭಾಗ ಹರಳಿನ ಹಾಗೆ ಒಪ್ಪವಾಗಿದೆ, ಕಷ್ಟ ಇರುವುದು ಅಲ್ಲಿ.

ಕೊಂಡಿಯೇ ಅಷ್ಟು ಗಟ್ಟಿ ಇರಬಹುದಲ್ವಾ ಅಂತ ನೀವು ಕೇಳಬಹುದು. ಗಟ್ಟಿಯೇ. ಕಿಣ್ವ, ಆಮ್ಲ ಯಾವುದೂ ಇಲ್ಲದೆ ಕೋಣೆಯ ಉಷ್ಣತೆಯಲ್ಲಿ ಬರೀ ನೀರಿನಲ್ಲಿ ಬಿಟ್ಟರೆ, ಅಂಥ ಕೊಂಡಿಗಳಲ್ಲಿ ಅರ್ಧ ಮುರಿಯಲು ಸುಮಾರು 50 ಲಕ್ಷ ವರ್ಷ ಬೇಕು ಅಂತ ಲೆಕ್ಕ ಹಾಕಿದ್ದಾರೆ. ಆದರೆ ಪಿಷ್ಟದ ಕೊಂಡಿಯೂ ತೀರಾ ದುರ್ಬಲವೇನಲ್ಲ. ಅದೂ ತಾನಾಗಿ ಮುರಿಯುವುದಿಲ್ಲ. ಪಿಷ್ಟ ನಮ್ಮ ಬಾಯಲ್ಲಿ ಬೇಗ ಒಡೆಯುವುದಕ್ಕೆ ಎರಡು ಕಾರಣ: ಜೊಲ್ಲಿನಲ್ಲಿ ಪಿಷ್ಟ ಕತ್ತರಿಸುವ ಅಮೈಲೇಸ್ ಕಿಣ್ವ ಇದೆ, ಮತ್ತು ಬೇಯಿಸಿದ ಪಿಷ್ಟದಲ್ಲಿ ಸರಪಳಿಗಳು ನೀರು ಕುಡಿದು ಬಿಡಿಬಿಡಿಯಾಗಿರುತ್ತವೆ. ಅಮೈಲೇಸಿಗೆ ಎಳೆ ಹುಡುಕುವ ಕಷ್ಟವೇ ಇಲ್ಲ.

ಈಗ ಕತ್ತರಿಸುವ ಕೆಲಸ ನೋಡೋಣ. ಸೆಲ್ಯುಲೇಸ್ ಕಿಣ್ವದ ಮೈಯಲ್ಲಿ ಒಂದು ಸಂದು ಇರುತ್ತದೆ. ಸರಪಳಿ ಅದರಲ್ಲಿ ಬಂದು ಕೂರುತ್ತದೆ. ಸಂದಿನ ಎರಡು ದಡಗಳಲ್ಲಿ ಎದುರುಬದುರಾಗಿ ಎರಡು ಆಮ್ಲೀಯ ಅಮೈನೋ ಆಮ್ಲಗಳಿವೆ, ಗ್ಲುಟಾಮಿಕ್ ಆಮ್ಲ ಅಥವಾ ಆಸ್ಪಾರ್ಟಿಕ್ ಆಮ್ಲ. ಒಂದು ದಡದ್ದು ಕೊಂಡಿಯ ಆಮ್ಲಜನಕಕ್ಕೆ ಒಂದು ಪ್ರೋಟಾನ್ ಕೊಟ್ಟು ಕೊಂಡಿಯನ್ನು ಸಡಿಲ ಮಾಡುತ್ತದೆ. ಎದುರು ದಡದ್ದು ಎರಡರಲ್ಲಿ ಒಂದು ಮಾಡುತ್ತದೆ. ನೀರಿನ ಅಣುವೊಂದನ್ನು ಚುರುಕು ಮಾಡಿ ನೇರವಾಗಿ ಸಕ್ಕರೆಯ ಮೇಲೆ ಬಿಡಬಹುದು. ಇಲ್ಲವೇ ತಾನೇ ಸಕ್ಕರೆಗೆ ಅಂಟಿಕೊಂಡು ಕೊಂಡಿ ಬಿಡಿಸಿ, ಆಮೇಲೆ ನೀರಿಗೆ ಜಾಗ ಬಿಟ್ಟುಕೊಡಬಹುದು. ಈ ಎರಡು ದಾರಿಗಳನ್ನು ಡೇನಿಯಲ್ ಕೋಶ್ಲ್ಯಾಂಡ್ 1953ರಲ್ಲೇ ವಿವರಿಸಿದ್ದರು. ಕತ್ತರಿ ಬೀಳುವ ಜಾಗದಲ್ಲಿ ಕಿಣ್ವ ಗ್ಲೂಕೋಸಿನ ಉಂಗುರವನ್ನು ಸ್ವಲ್ಪ ತಿರುಚಿಯೂ ಹಿಡಿಯುತ್ತದೆ. ತಿರುಚಿದ ಉಂಗುರದಿಂದ ಕೊಂಡಿ ಬಿಡುವುದು ಸುಲಭ. 50 ಲಕ್ಷ ವರ್ಷದ ಕೆಲಸ ಹೀಗೆ ಸೆಕೆಂಡಿನೊಳಗೆ ಮುಗಿಯುತ್ತದೆ. ಎಷ್ಟು ಸಲ ಪಾಠ ಮಾಡಿದರೂ ಈ ಜಾಗಕ್ಕೆ ಬಂದಾಗ ನನಗೆ ಇವತ್ತಿಗೂ ಬೆರಗಾಗುತ್ತದೆ.

ನಿಮ್ಮ ಪ್ಲೇಟಿಗೆ ಬರೋಣ. ಸಿಎಂಸಿ ಅಂದರೆ ಕಾರ್ಬಾಕ್ಸಿಮಿಥೈಲ್ ಸೆಲ್ಯುಲೋಸ್. ಸೆಲ್ಯುಲೋಸಿನ ಸರಪಳಿಗೆ ಅಲ್ಲಲ್ಲಿ ಋಣ ಆವೇಶದ ಗುಂಪುಗಳನ್ನು ಅಂಟಿಸಿ ಇದನ್ನು ತಯಾರಿಸುತ್ತಾರೆ. ಆ ಗುಂಪುಗಳು ಒಂದನ್ನೊಂದು ದೂರ ತಳ್ಳುವುದರಿಂದ ಸರಪಳಿಗಳು ಕಟ್ಟಾಗುವುದಿಲ್ಲ, ನೀರಿನಲ್ಲಿ ಕರಗುತ್ತವೆ. ಅಂದರೆ ಎಳೆ ಬಿಡಿಸುವ ಕೆಲಸವನ್ನು ಕಾರ್ಖಾನೆಯೇ ಮಾಡಿಟ್ಟಿದೆ. ನಿಮ್ಮ ಬ್ಯಾಕ್ಟೀರಿಯಾ ಬಿಟ್ಟ ಕಿಣ್ವ ಆ ಬಿಡಿ ಎಳೆಗಳನ್ನು ನಡುನಡುವೆ ತುಂಡು ಮಾಡಿತು. ಕಾಂಗೋ ರೆಡ್ ಉದ್ದ ಸರಪಳಿಗೆ ಮಾತ್ರ ಚೆನ್ನಾಗಿ ಹಿಡಿಯುತ್ತದೆ, ತುಂಡುಗಳಿಗೆ ಹಿಡಿಯುವುದಿಲ್ಲ. ಅದಕ್ಕೇ ತಿಳಿ ಉಂಗುರ ಬಂತು. ಹೀಗೆ ನಡುವೆ ಕತ್ತರಿಸುವ ಕಿಣ್ವಕ್ಕೆ ಎಂಡೋಗ್ಲುಕನೇಸ್ ಅಂತಾರೆ. ಮಣ್ಣಿನ ಎಷ್ಟೋ ಬ್ಯಾಸಿಲಸ್ ಜಾತಿಗಳಲ್ಲಿ ಇದಿದೆ, ಆದರೆ ಹತ್ತಿ ಅಥವಾ ಫಿಲ್ಟರ್ ಪೇಪರ್ ತಿಂದು ಬದುಕುವ ಶಕ್ತಿ ಅವಕ್ಕೆ ಇಲ್ಲ. ಬರೀ ಉಂಗುರ ನೋಡಿ ‘ಸೆಲ್ಯುಲೋಸ್ ಒಡೆಯುವ ಬ್ಯಾಕ್ಟೀರಿಯಾ’ ಅಂತ ಬರೆದುಬಿಡುವುದು ತುಂಬಾ ಕಡೆ ನಡೆಯುತ್ತದೆ. ನೀವು ಪೇಪರ್ ಪಟ್ಟಿಯನ್ನೂ ಇಟ್ಟು ನೋಡಿದಿರಲ್ಲ, ಅದು ಸರಿಯಾದ ಹೆಜ್ಜೆ.

ಹಾಗಾದರೆ ನಿಜವಾಗಿ ಪೇಪರ್ ತಿನ್ನುವ ಬ್ಯಾಕ್ಟೀರಿಯಾ ಏನು ಮಾಡುತ್ತದೆ? ಮೊದಲು ಹಿಡಿತ ಸಂಪಾದಿಸುತ್ತದೆ. ಇವುಗಳ ಸೆಲ್ಯುಲೇಸಿನಲ್ಲಿ ಕತ್ತರಿಸುವ ಭಾಗದ ಜೊತೆಗೆ ಇನ್ನೊಂದು ತುಂಡು ಸೇರಿರುತ್ತದೆ. ಅದರ ಕೆಲಸ ಅಂಟಿಕೊಳ್ಳುವುದು ಅಷ್ಟೇ. ಅದರ ಒಂದು ಮಗ್ಗುಲು ಚಪ್ಪಟೆ. ಆ ಮಗ್ಗುಲಲ್ಲಿ ಟೈರೋಸಿನ್, ಟ್ರಿಪ್ಟೋಫ್ಯಾನ್‌ನಂಥ ಉಂಗುರದಾಕಾರದ ಅಮೈನೋ ಆಮ್ಲಗಳು ಸಾಲಾಗಿ ಕೂತಿವೆ, ಅದೂ ಗ್ಲೂಕೋಸ್ ಉಂಗುರಗಳ ಅಂತರಕ್ಕೆ ಸರಿಹೊಂದುವ ಹಾಗೆ. ಹರಳಿನ ಹೊರಮೈಯಲ್ಲಿರುವ ಸಕ್ಕರೆಯ ಉಂಗುರಗಳ ಮೇಲೆ ಇವು ಒಂದಕ್ಕೊಂದು ಒತ್ತಿ ಕೂರುತ್ತವೆ. ಈ ಅಂಟುವ ತುಂಡನ್ನು ತೆಗೆದುಹಾಕಿದ ಕಿಣ್ವ ಕರಗಿದ ಸೆಲ್ಯುಲೋಸಿನ ಮೇಲೆ ಸಾಮಾನ್ಯವಾಗಿ ಮೊದಲಿನಷ್ಟೇ ಕೆಲಸ ಮಾಡುತ್ತದೆ. ಹರಳಿನ ಮೇಲೆ ಮಾತ್ರ ಸೋಲುತ್ತದೆ.

ಹಿಡಿತ ಸಿಕ್ಕ ಮೇಲೆ ಎಳೆಯನ್ನು ಎಬ್ಬಿಸಬೇಕು. ಇದಕ್ಕೆ ಬೇರೆಯದೇ ಕಿಣ್ವ ಬೇಕು, ಎಕ್ಸೋಗ್ಲುಕನೇಸ್. ಇದರ ಸಂದು ತೆರೆದ ಕಾಲುವೆಯ ಹಾಗಿಲ್ಲ, ಮೇಲೆ ಮುಚ್ಚಿಕೊಂಡು ಸುರಂಗವಾಗಿದೆ. ಸರಪಳಿಯ ತುದಿ ಒಮ್ಮೆ ಸುರಂಗದೊಳಗೆ ಸೇರಿತು ಅಂದರೆ ಸುಲಭವಾಗಿ ಜಾರಿ ಹೋಗುವುದಿಲ್ಲ. ಸುರಂಗದ ಉದ್ದಕ್ಕೂ ಎಳೆಗೆ ಒಂದೊಂದಾಗಿ ಹಿಡಿತ ಸಿಗುತ್ತಾ ಹೋಗುತ್ತದೆ. ಹರಳಿನಿಂದ ಕಿತ್ತುಬರುವಾಗ ಕಳೆದುಕೊಂಡ ಬಂಧಗಳ ಬದಲಿಗೆ ಸುರಂಗದ ಗೋಡೆಯ ಜೊತೆ ಹೊಸ ಬಂಧಗಳು ಬೆಳೆಯುತ್ತವೆ. ಎಳೆಯನ್ನು ಮೇಲೆತ್ತುವ ಶಕ್ತಿ ಬರುವುದು ಇಲ್ಲಿಂದಲೇ. ಕಿಣ್ವಕ್ಕೆ ಬೇರೆ ಇಂಧನ ಬೇಡ. ಕೊನೆಯಲ್ಲಿ ಎರಡು ಗ್ಲೂಕೋಸ್ ಸೇರಿದ ಒಂದು ಸೆಲ್ಲೋಬಯೋಸ್ ಕತ್ತರಿಸಿ ಬೀಳುತ್ತದೆ. ಎಳೆ ಒಂದು ನ್ಯಾನೊಮೀಟರ್ ಮುಂದೆ ಸರಿಯುತ್ತದೆ. ಮತ್ತೆ ಕತ್ತರಿ, ಮತ್ತೆ ಸರಿಯುವುದು. ಸರಪಳಿಯ ಎರಡು ತುದಿಗಳೂ ಒಂದೇ ಥರ ಇರುವುದಿಲ್ಲ, ಹಾಗಾಗಿ ಒಂದು ಬಗೆಯ ಎಕ್ಸೋಗ್ಲುಕನೇಸ್ ಈ ತುದಿಯಿಂದ, ಇನ್ನೊಂದು ಬಗೆ ಆ ತುದಿಯಿಂದ ಹೊರಡುತ್ತದೆ.

ಈ ನಡಿಗೆಯನ್ನು ಜಪಾನಿನ ವಿಜ್ಞಾನಿಗಳು ಅತಿವೇಗದ ಅಟಾಮಿಕ್ ಫೋರ್ಸ್ ಮೈಕ್ರೋಸ್ಕೋಪಿನಲ್ಲಿ ನೇರವಾಗಿ ನೋಡಿದ್ದಾರೆ. ಅವರು ನೋಡಿದ್ದು ಟ್ರೈಕೋಡರ್ಮಾ ಅನ್ನುವ ಶಿಲೀಂಧ್ರದ ಕಿಣ್ವವನ್ನು, ಆದರೆ ಸುರಂಗದ ತತ್ವ ಒಂದೇ. ಅದು ಸೆಕೆಂಡಿಗೆ ಕೆಲವೇ ನ್ಯಾನೊಮೀಟರ್ ನಡೆಯಿತು. 2011ರಲ್ಲಿ ಅವರು ಇನ್ನೊಂದು ಸಂಗತಿ ತೋರಿಸಿದರು. ಮುಂದೆ ಹೋಗುತ್ತಿದ್ದ ಒಂದು ಕಿಣ್ವ ಅಡಚಣೆ ಸಿಕ್ಕಿ ನಿಂತರೆ, ಹಿಂದೆ ಬಂದವೆಲ್ಲ ಸಾಲುಗಟ್ಟಿ ನಿಂತುಬಿಡುತ್ತವೆ, ರಸ್ತೆಯಲ್ಲಿ ಗಾಡಿಗಳು ನಿಲ್ಲುವ ಹಾಗೆ. ಕಿಣ್ವ ಜಾಸ್ತಿ ಸುರಿದರೆ ಕೆಲಸ ಬೇಗ ಆಗುತ್ತದೆ ಅನ್ನುವ ಲೆಕ್ಕ ಇಲ್ಲಿ ತಪ್ಪುವುದು ಇದಕ್ಕೇ.

ಹಾಗಾಗಿ ‘ಸೆಲ್ಯುಲೇಸ್ ಅನ್ನುವ ಒಂದು ಕಿಣ್ವ’ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಅದು ಒಂದು ತಂಡದ ಹೆಸರು. ಎಂಡೋಗ್ಲುಕನೇಸ್ ನಡುವೆ ಕತ್ತರಿಸಿದರೆ ಹೊಸ ತುದಿಗಳು ಹುಟ್ಟುತ್ತವೆ. ಆ ತುದಿಗಳನ್ನು ಎಕ್ಸೋಗ್ಲುಕನೇಸ್ ಹಿಡಿದು ಎಳೆಯುತ್ತದೆ. ಹೊರಬಂದ ಸೆಲ್ಲೋಬಯೋಸನ್ನು ಬೀಟಾ ಗ್ಲುಕೋಸಿಡೇಸ್ ಎರಡು ಗ್ಲೂಕೋಸ್ ಮಾಡುತ್ತದೆ. ಸೆಲ್ಲೋಬಯೋಸ್ ತೆರವಾಗದೆ ಶೇಖರವಾದರೆ ಸುರಂಗದ ಬಾಯಲ್ಲೇ ಸಿಕ್ಕಿಕೊಂಡು ಕೆಲಸ ನಿಲ್ಲುತ್ತದೆ. ಗೊಬ್ಬರದ ರಾಶಿ ಒಳಗೊಳಗೇ ಬಿಸಿಯಾಗುತ್ತದಲ್ಲ, ಅಲ್ಲಿ ಸಿಗುವ ಥರ್ಮೊಬಿಫಿಡಾ ಫಸ್ಕಾ ಅನ್ನುವ ಬ್ಯಾಕ್ಟೀರಿಯಾ ಈ ತಂಡಕ್ಕೆ ಒಳ್ಳೆಯ ಉದಾಹರಣೆ. ಅದು ಆರು ಬೇರೆ ಬೇರೆ ಸೆಲ್ಯುಲೇಸ್‌ಗಳನ್ನು ಹೊರಗೆ ಬಿಡುತ್ತದೆ. ಅವುಗಳಲ್ಲಿ ಎರಡು ಎಕ್ಸೋಗ್ಲುಕನೇಸ್‌ಗಳು, ಒಂದೊಂದು ಒಂದೊಂದು ತುದಿಯಿಂದ ಹೊರಡುವಂಥವು. ಇನ್ನೊಂದು ನಡುವೆಯೂ ಕತ್ತರಿಸಿ, ಅಲ್ಲಿಂದ ಎಳೆಗುಂಟ ನಡೆಯಲೂ ಬಲ್ಲದು. ಇವನ್ನು ಸರಿಯಾಗಿ ಬೆರೆಸಿದಾಗ ಆಗುವ ಕೆಲಸ, ಒಂದೊಂದನ್ನು ಬೇರೆಬೇರೆಯಾಗಿ ಹಾಕಿ ಕೂಡಿಸಿದ್ದಕ್ಕಿಂತ ಎಷ್ಟೋ ಜಾಸ್ತಿ.

ಇದು ಗಾಳಿಯಲ್ಲಿ ಬೆಳೆಯುವ ಬ್ಯಾಕ್ಟೀರಿಯಾದ ರೀತಿ. ಆಮ್ಲಜನಕ ಇಲ್ಲದ ಕಡೆ ಬದುಕುವವಕ್ಕೆ ಇಷ್ಟು ಧಾರಾಳತನ ಆಗುವುದಿಲ್ಲ. ಹುದುಗುವಿಕೆಯಿಂದ ಸಿಗುವ ಶಕ್ತಿ ಕಡಿಮೆ, ಪ್ರೋಟೀನ್ ತಯಾರಿಸುವ ಖರ್ಚು ದೊಡ್ಡದು. ಕಿಣ್ವಗಳನ್ನು ಹೊರಗೆ ಚೆಲ್ಲಿ, ಅವು ಎಲ್ಲಿಗೋ ಹೋಗಿ, ಅಲ್ಲಿ ಆದ ಸಕ್ಕರೆಯನ್ನು ಬೇರೆ ಯಾರೋ ತಿಂದರೆ ಬದುಕುವುದು ಹೇಗೆ? ಇದಕ್ಕೆ ಅವು ಕಂಡುಕೊಂಡ ದಾರಿಯೇ ಸೆಲ್ಯುಲೊಸೋಮ್. ಈ ಇಡೀ ವಿಷಯದಲ್ಲಿ ನನಗೆ ತೀರಾ ಇಷ್ಟವಾದ ಭಾಗ ಇದು.

1980ರ ದಶಕದ ಆರಂಭದಲ್ಲಿ ಇಸ್ರೇಲಿನ ರಫಾಯೆಲ್ ಲಾಮೆಡ್ ಮತ್ತು ಎಡ್ವರ್ಡ್ ಬೇಯರ್ ಕ್ಲಾಸ್ಟ್ರಿಡಿಯಂ ಥರ್ಮೊಸೆಲ್ಲಂ ಅನ್ನುವ ಬ್ಯಾಕ್ಟೀರಿಯಾವನ್ನು ನೋಡುತ್ತಿದ್ದರು. ಅದು 60 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ, ಗಾಳಿ ಇಲ್ಲದ ಕಡೆ ಬೆಳೆಯುತ್ತದೆ. (ಈಗ ಇದರ ಹೆಸರು ಅಸೆಟಿವಿಬ್ರಿಯೊ ಥರ್ಮೊಸೆಲ್ಲಸ್. ಹಳೆಯ ಲೇಖನಗಳಲ್ಲಿ ಹಳೆಯ ಹೆಸರೇ ಸಿಗುತ್ತದೆ, ಹುಡುಕುವಾಗ ಎರಡನ್ನೂ ಹಾಕಿ.) ಅವರು ಹುಡುಕುತ್ತಿದ್ದದ್ದು ಕತ್ತರಿಯನ್ನಲ್ಲ, ಅಂಟನ್ನು. ಈ ಬ್ಯಾಕ್ಟೀರಿಯಾ ಸೆಲ್ಯುಲೋಸಿಗೆ ಯಾವುದರಿಂದ ಅಂಟಿಕೊಳ್ಳುತ್ತದೆ ಅನ್ನುವುದು ಅವರ ಪ್ರಶ್ನೆಯಾಗಿತ್ತು. ಅಂಟದೇ ಹೋದ ಒಂದು ರೂಪಾಂತರಿಯ ಜೊತೆ ಹೋಲಿಸಿ, ಅಂಟಿನ ವಸ್ತುವನ್ನು ಬೇರ್ಪಡಿಸಿ ನೋಡಿದರೆ ಅದು ಒಂದು ದೊಡ್ಡ ಪ್ರೋಟೀನ್ ಗುಂಪು. ಅಂಟುವುದೂ ಅದೇ, ಕತ್ತರಿಸುವುದೂ ಅದೇ. 1983ರಲ್ಲಿ ಅದಕ್ಕೆ ಸೆಲ್ಯುಲೊಸೋಮ್ ಅಂತ ಹೆಸರಿಟ್ಟರು.

ಅದರ ರಚನೆ ಹೀಗಿದೆ. ನಡುವೆ ಉದ್ದನೆಯ ಒಂದು ಬೆನ್ನೆಲುಬಿನಂಥ ಪ್ರೋಟೀನ್. ಅದರ ಮೇಲೆ ಒಂಬತ್ತು ಗೂಡುಗಳು. ಪ್ರತಿ ಕಿಣ್ವದ ಬಾಲದಲ್ಲೂ ಆ ಗೂಡಿಗೆ ಸರಿಯಾಗಿ ಕೂರುವ ಒಂದು ಗೂಟ. ಗೂಟದ ಆಕಾರವನ್ನು ಹಿಡಿದು ನಿಲ್ಲಿಸಲು ಕ್ಯಾಲ್ಸಿಯಂ ಬೇಕು. ಗೂಟ ಗೂಡಿನಲ್ಲಿ ಕೂತರೆ ಆ ಹಿಡಿತ ಪ್ರೋಟೀನುಗಳ ನಡುವೆ ನಾವು ಕಂಡ ಅತಿ ಗಟ್ಟಿ ಹಿಡಿತಗಳಲ್ಲಿ ಒಂದು. ಬೆನ್ನೆಲುಬಿನ ಮೇಲೆಯೇ ಸೆಲ್ಯುಲೋಸಿಗೆ ಅಂಟುವ ತುಂಡೂ ಇದೆ. ಅದರ ಇನ್ನೊಂದು ತುದಿ ಬ್ಯಾಕ್ಟೀರಿಯಾದ ಮೈಗೆ ಸೇರಿಕೊಳ್ಳುತ್ತದೆ. ಗೂಟ ಇರುವ ಪ್ರೋಟೀನುಗಳು ಈ ಬ್ಯಾಕ್ಟೀರಿಯಾದಲ್ಲಿ 70ರ ಆಸುಪಾಸು ಇವೆ, ಗೂಡು ಒಂಬತ್ತೇ. ಹಾಗಾಗಿ ಎಲ್ಲ ಸೆಲ್ಯುಲೊಸೋಮುಗಳೂ ಒಂದೇ ಥರ ಇರುವುದಿಲ್ಲ. ಎದುರಿಗೆ ಇರುವ ಆಹಾರ ಯಾವುದು ಅನ್ನುವುದರ ಮೇಲೆ ಯಾವ ಕಿಣ್ವ ಹೆಚ್ಚು ತಯಾರಾಗಬೇಕು ಅನ್ನುವುದು ಬದಲಾಗುತ್ತದೆ. ನಾರಿಗೂ ಬ್ಯಾಕ್ಟೀರಿಯಾಕ್ಕೂ ನಡುವೆ ಕಿಣ್ವಗಳು ಸಿಕ್ಕಿಕೊಂಡಿರುವುದರಿಂದ, ಬಿಡುಗಡೆಯಾದ ಸಕ್ಕರೆ ಮೊದಲು ಸಿಗುವುದು ಕೆಲಸ ಮಾಡಿದವರಿಗೇ.

ಸಕ್ಕರೆ ಒಳಗೆ ತೆಗೆದುಕೊಳ್ಳುವಾಗಲೂ ಅದೇ ಮಿತವ್ಯಯ. ಈ ಬ್ಯಾಕ್ಟೀರಿಯಾ ಸರಪಳಿಯನ್ನು ಹೊರಗೇ ಪೂರ್ತಿ ಗ್ಲೂಕೋಸ್ ಮಾಡುವುದಿಲ್ಲ. ಸುಮಾರು ನಾಲ್ಕು ಗ್ಲೂಕೋಸ್ ಉದ್ದದ ತುಂಡುಗಳನ್ನು ಹಾಗೇ ಒಳಗೆ ಎಳೆದುಕೊಳ್ಳುತ್ತದೆ. ಒಂದು ತುಂಡು ಒಳಗೆ ಬರಲು ತಗಲುವ ಖರ್ಚು ಅದು ಉದ್ದವಿದ್ದರೂ ಗಿಡ್ಡವಿದ್ದರೂ ಒಂದೇ, ಹಾಗಾಗಿ ಉದ್ದ ತುಂಡೇ ಲಾಭ. ಒಳಗೆ ಬಂದ ಮೇಲೆ ಕೊಂಡಿಯನ್ನು ನೀರಿನಿಂದಲ್ಲ, ಫಾಸ್ಫೇಟಿನಿಂದ ಬಿಡಿಸುತ್ತದೆ. ಆಗ ಗ್ಲೂಕೋಸಿಗೆ ಫಾಸ್ಫೇಟ್ ಎಟಿಪಿ (ಜೀವಕೋಶದ ಇಂಧನ) ಖರ್ಚಿಲ್ಲದೆ ಅಂಟಿಯೇ ಬರುತ್ತದೆ. ಕೊಂಡಿಯಲ್ಲಿದ್ದ ಶಕ್ತಿಯೂ ಪೋಲಾಗಲಿಲ್ಲ.

ಎಳೆ ಬಿಡಿಸಲು ಇನ್ನೂ ದಾರಿಗಳಿವೆ. ಬಿಸಿನೀರಿನ ಬುಗ್ಗೆಗಳಲ್ಲಿ ಸಿಗುವ ಕ್ಯಾಲ್ಡಿಸೆಲ್ಯುಲೋಸಿರಪ್ಟರ್ ಬೆಸ್ಸಿಯಲ್ಲಿ ಎರಡು ಬಗೆಯ ಕತ್ತರಿಗಳೂ ಮೂರು ಅಂಟುವ ತುಂಡುಗಳೂ ಒಂದೇ ಪ್ರೋಟೀನಿನಲ್ಲಿವೆ. ಅದರ ಹೆಸರು ಸೆಲ್‌ಎ. ಇದು ಹೊರಮೈಯನ್ನು ಸವೆಸುವುದಷ್ಟೇ ಅಲ್ಲ, ನಾರಿನೊಳಗೆ ಗುಳಿ ಕೊರೆಯುತ್ತಾ ಹೋಗುತ್ತದೆ ಅಂತ 2013ರಲ್ಲಿ ತೋರಿಸಿದರು. ಸೈಟೊಫಾಗಾ ಹಚಿನ್ಸೋನಿಯೈ ಅನ್ನುವುದು ನಾರಿನ ಮೇಲೆ ಅಂಟಿಕೊಂಡು ತೆವಳುತ್ತಾ ತಿನ್ನುತ್ತದೆ. ಅದರ ಜೀನ್‌ಗಳಲ್ಲಿ ಮಾಮೂಲಿ ಎಕ್ಸೋಗ್ಲುಕನೇಸೂ ಇಲ್ಲ, ಸೆಲ್ಯುಲೊಸೋಮೂ ಇಲ್ಲ.

ಇನ್ನು 2010ರ ಹೊತ್ತಿಗೆ ಬಂದ ಸುದ್ದಿ ನಮ್ಮ ಪಾಠವನ್ನೇ ತಿದ್ದಿಸಿತು. ಆವರೆಗೆ ಎಲ್ಲ ಕೆಲಸವೂ ನೀರು ಸೇರಿಸಿ ಕೊಂಡಿ ಬಿಡಿಸುವುದು ಅಂತಲೇ ತಿಳಿದಿದ್ದೆವು. ನಾರ್ವೆಯ ಒಂದು ತಂಡ ಸೆರಾಟಿಯಾ ಮಾರ್ಸೆಸೆನ್ಸ್ ಬ್ಯಾಕ್ಟೀರಿಯಾದ ಒಂದು ಪ್ರೋಟೀನ್ ಕೈಟಿನ್ (ಏಡಿ, ಕೀಟಗಳ ಚಿಪ್ಪಿನ ವಸ್ತು) ಹರಳನ್ನು ಉತ್ಕರ್ಷಣೆಯಿಂದ, ಅಂದರೆ ಆಮ್ಲಜನಕ ಸೇರಿಸಿ, ಒಡೆಯುತ್ತದೆ ಅಂತ ತೋರಿಸಿತು. ಸೆಲ್ಯುಲೋಸನ್ನು ಹಾಗೇ ಒಡೆಯುವ ಕಿಣ್ವಗಳು ಸ್ಟ್ರೆಪ್ಟೊಮೈಸಿಸ್‌ನಲ್ಲೂ ಸಿಕ್ಕವು. ಇವಕ್ಕೆ ಎಲ್‌ಪಿಎಂಒ ಅಂತ ಗಿಡ್ಡ ಹೆಸರು. ಇವಕ್ಕೆ ಸಂದೂ ಇಲ್ಲ, ಸುರಂಗವೂ ಇಲ್ಲ. ಚಪ್ಪಟೆ ಮೈ, ನಡುವೆ ಒಂದು ತಾಮ್ರದ ಅಯಾನ್. ಹರಳಿನ ಮೇಲೆ ಹಾಗೇ ಕೂತು, ಎಳೆಯನ್ನು ಮೇಲೆತ್ತದೆ, ಇದ್ದಲ್ಲೇ ಕಡಿಯುತ್ತವೆ. ಕಡಿದ ಜಾಗದಲ್ಲಿ ಹರಳು ಸಡಿಲವಾಗಿ, ಸುರಂಗದ ಕಿಣ್ವಗಳಿಗೆ ಹಿಡಿಯಲು ತುದಿ ಸಿಗುತ್ತದೆ. ಇವಕ್ಕೆ ಎಲೆಕ್ಟ್ರಾನ್ ಕೊಡುವ ವಸ್ತುವೂ, ಆಮ್ಲಜನಕ ಅಥವಾ ಹೈಡ್ರೋಜನ್ ಪೆರಾಕ್ಸೈಡೂ ಬೇಕು. ಗಾಳಿ ಇಲ್ಲದ ಕಡೆ ಬದುಕುವವಕ್ಕೆ ಈ ದಾರಿ ಸಿಗುವುದಿಲ್ಲ.

ಹಸುವಿನ ಮಾತು ಒಂದೇ ಸಾಲಿನಲ್ಲಿ ಹೇಳುತ್ತೇನೆ. ಅದಕ್ಕೂ ನಮ್ಮ ಹಾಗೇ ಸ್ವಂತ ಸೆಲ್ಯುಲೇಸ್ ಇಲ್ಲ, ಅದರ ಮೊದಲ ಹೊಟ್ಟೆಯಲ್ಲಿರುವ ಫೈಬ್ರೊಬ್ಯಾಕ್ಟರ್, ರೂಮಿನೊಕಾಕಸ್‌ನಂಥ ಬ್ಯಾಕ್ಟೀರಿಯಾಗಳು ಈ ಕೆಲಸ ಮಾಡಿಕೊಡುತ್ತವೆ.

ಈಗ ನಿಮ್ಮ ಬ್ಯಾಕ್ಟೀರಿಯಾ. ಅದನ್ನು ಬಿಟ್ಟುಬಿಡುವ ಮೊದಲು ಕೆಲವು ವಿಷಯ ನೋಡಿ. ಬೆಳೆಸುವ ಮಾಧ್ಯಮದಲ್ಲಿ ಗ್ಲೂಕೋಸ್ ಅಥವಾ ಜಾಸ್ತಿ ಪೆಪ್ಟೋನ್ (ಒಡೆದ ಪ್ರೋಟೀನ್) ಇದ್ದರೆ ಅದು ಪೇಪರಿನ ಕಡೆ ತಿರುಗಿಯೂ ನೋಡುವುದಿಲ್ಲ. ಸುಲಭದ ಸಕ್ಕರೆ ಸಿಕ್ಕಾಗ ಸೆಲ್ಯುಲೇಸ್ ಜೀನ್‌ಗಳು ಮುಚ್ಚಿಕೊಳ್ಳುತ್ತವೆ. ಲವಣಗಳು, ಸಾರಜನಕಕ್ಕೆ ಅಮೋನಿಯಂ, ಚಿಟಿಕೆಯಷ್ಟು ಯೀಸ್ಟ್ ಎಕ್ಸ್‌ಟ್ರ್ಯಾಕ್ಟ್, ಇಂಗಾಲಕ್ಕೆ ಪೇಪರ್ ಮಾತ್ರ ಇರಲಿ. ಕಿಣ್ವವನ್ನು ಅಳೆಯುವುದಾದರೆ ಪಿಎಚ್ ಕಡೆ ಗಮನ ಕೊಡಿ. ಟಿ. ಕೆ. ಘೋಷ್ 1987ರಲ್ಲಿ ಪ್ರಕಟಿಸಿದ ಫಿಲ್ಟರ್ ಪೇಪರ್ ಪರೀಕ್ಷೆಯನ್ನೇ ಎಲ್ಲರೂ ಬಳಸುತ್ತಾರೆ. 50 ಮಿಲಿಗ್ರಾಂ ಪೇಪರ್, 50 ಡಿಗ್ರಿ, ಒಂದು ಗಂಟೆ. ಆದರೆ ಅದರ ಪಿಎಚ್ 4.8, ಅದು ಶಿಲೀಂಧ್ರದ ಕಿಣ್ವಗಳಿಗೆ ಒಪ್ಪುವಂಥದ್ದು. ಬ್ಯಾಕ್ಟೀರಿಯಾದ ಎಷ್ಟೋ ಕಿಣ್ವಗಳಿಗೆ 6ರಿಂದ 7 ಬೇಕು. 4.8ರಲ್ಲಿ ಮಾತ್ರ ಅಳೆದು ಕೆಲಸವಿಲ್ಲ ಅಂತ ತೀರ್ಮಾನಿಸಬೇಡಿ. ಜೊತೆಗೆ ಫಾಸ್ಫಾರಿಕ್ ಆಮ್ಲದಲ್ಲಿ ಉಬ್ಬಿಸಿ ಚೆನ್ನಾಗಿ ತೊಳೆದ ಸೆಲ್ಯುಲೋಸನ್ನೂ ಇಟ್ಟು ನೋಡಿ. ಅದರಲ್ಲಿ ಹರಳು ಮುರಿದಿರುತ್ತದೆ, ಆದರೆ ಅದು ಕರಗಿರುವುದಿಲ್ಲ. ಸಿಎಂಸಿಯಲ್ಲೂ ಇದರಲ್ಲೂ ಕೆಲಸ ಮಾಡಿ ಪೇಪರಿನಲ್ಲಿ ಮಾತ್ರ ನಿಂತರೆ, ನಿಮ್ಮ ಬ್ಯಾಕ್ಟೀರಿಯಾದಲ್ಲಿ ಇರುವುದು ಎಂಡೋಗ್ಲುಕನೇಸ್ ಮಾತ್ರ ಅಂತ ಹೆಚ್ಚು ಧೈರ್ಯದಿಂದ ಹೇಳಬಹುದು.

ಪೇಪರ್ ಒಡೆಯುವವನ್ನೇ ಹುಡುಕಬೇಕಿದ್ದರೆ ಪ್ಲೇಟಿನಿಂದ ಶುರು ಮಾಡಬೇಡಿ. ಬಿಸಿಯಾಗಿರುವ ಗೊಬ್ಬರದ ರಾಶಿಯ ಒಳಗಿನಿಂದ ಒಂದು ಚಿಟಿಕೆ ತೆಗೆದು ನೇರವಾಗಿ ಪೇಪರ್ ಪಟ್ಟಿ ಇರುವ ಟ್ಯೂಬಿಗೆ ಹಾಕಿ, 55 ಡಿಗ್ರಿಯಲ್ಲಿ ಇಡಿ. ಒಂದು ಸೆಟ್ ಗಾಳಿಯಲ್ಲಿ, ಇನ್ನೊಂದು ಗಾಳಿ ತೆಗೆದು. ಪಟ್ಟಿ ಸಡಿಲವಾದ ಟ್ಯೂಬಿನಿಂದ ಹೊಸ ಪಟ್ಟಿ ಇರುವ ಟ್ಯೂಬಿಗೆ ಸ್ವಲ್ಪ ದಾಟಿಸಿ. ಹೀಗೆ ನಾಲ್ಕೈದು ಸಲ ಮಾಡಿ, ಆಮೇಲೆ ಬಿಡಿ ಬ್ಯಾಕ್ಟೀರಿಯಾಗಳನ್ನು ಬೇರ್ಪಡಿಸಿ. ಗಾಳಿ ಇಲ್ಲದ ಟ್ಯೂಬಿನಲ್ಲಿ ಪೇಪರ್ ಹಳದಿಗೆ ತಿರುಗಿದರೆ ಅದನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಥರ್ಮೊಸೆಲ್ಲಂ ಸೆಲ್ಯುಲೋಸಿಗೆ ಅಂಟಿಕೊಂಡು ಬೆಳೆಯುವಾಗ ನಾರಿಗೆ ಅಂಥದ್ದೇ ಹಳದಿ ಬಣ್ಣ ಹಿಡಿಸುತ್ತದೆ.